ಧವಳಜ್ಜಿ ಮತ್ತು ಎಡಮೊಣಕಾಲು

ಧವಳಜ್ಜಿ ಎಂಬ ಬಿಳಿ ರಕ್ತಕಣದ ಮನೆತನ ಬಹಳ ಹಳೆಯದು, ಗೌರವಸ್ಥರದು. ಫಿಲೋಮಿನಾ ಟೀಚರ ದೇಹಕ್ಕೆ ತಲೆತಲಾಂತರದಿಂದ ಅವರದೇ ಕಾವಲು. ಟೀಚರು ಆರು ವರ್ಷದ ಹುಡುಗಿಯಾಗಿದ್ದಾಗ ದಡಾರವನ್ನು ಹೊರಗಟ್ಟಿದವರು ಅಜ್ಜಿಯ ಪೂರ್ವಿಕರೇ. ಅದೇ ಹೆಮ್ಮೆಯಲ್ಲಿ ಧವಳಜ್ಜಿ ಒಂದು ತಿಂಗಳಿಂದ ಎಡಮೊಣಕಾಲನ್ನು ಶತ್ರುವೆಂದು ಬಡಿಯುತ್ತಿದ್ದರು. ಟೀಚರಿಗೆ ಶಾಲೆಯ ಮೆಟ್ಟಿಲು ಹತ್ತಲಾಗುತ್ತಿರಲಿಲ್ಲ.

ಒಂದು ಬೆಳಿಗ್ಗೆ ಡಾಕ್ಟರು ಕೊಟ್ಟ ಮಾತ್ರೆ ಬಂದು ಅಜ್ಜಿಯ ಕೈ ಹಿಡಿಯಿತು. "ರಕ್ತಪರೀಕ್ಷೆ ನೋಡಿಯೇ ನನ್ನನ್ನು ಕಳಿಸಿದ್ದಾರೆ. ಇಲ್ಲಿ ಕ್ರಿಮಿ ಯಾವುದೂ ಇಲ್ಲ. ನೀವು ಹೊಡೆಯುತ್ತಿರುವುದು ಮನೆಯವರನ್ನೇ."

"ಹಿಂದೊಮ್ಮೆ ಗಂಟಲಿಗೆ ನುಗ್ಗಿದ ಕ್ರಿಮಿಯೂ ಈ ಮೊಣಕಾಲಿನಂಥದೇ ಅಂಗಿ ತೊಟ್ಟಿತ್ತು," ಎಂದರು ಅಜ್ಜಿ.

"ನಾನು ಹುಟ್ಟಿದಾಗಿನಿಂದ ಇದೇ ಅಂಗಿಯಲ್ಲಿದ್ದೇನೆ ಅಜ್ಜಿ. ದಿನಾ ನೋಡುತ್ತಿದ್ದಿರಲ್ಲ," ಎಂದಿತು ಮೊಣಕಾಲು.

ಅಜ್ಜಿಯ ಮುಷ್ಟಿ ಸಡಿಲವಾಯಿತು. ಊದಿಕೊಂಡ ಕೀಲನ್ನು ಮೆಲ್ಲಗೆ ಸವರಿ, "ನಮ್ಮ ಮನೆತನದಲ್ಲಿ ಯಾರೂ ತಪ್ಪು ಮಾಡಿದವರಲ್ಲ ಮಗು," ಎಂದರು.

"ಮನೆತನ ಮಾಡಲಿಲ್ಲ, ನೀವು ಮಾಡಿದಿರಿ. ನಾಳೆಯೂ ನನ್ನನ್ನು ಕಾಯಬೇಕಾದವರು ನೀವೇ, ನನಗೆ ಬೇರೆ ಯಾರೂ ಬೇಡ. ಈಗ ಕ್ಷಮೆ ಕೇಳಿ."