ಜೂಲುಮರಿಯ ಅಜ್ಜಿ

ಬೂದಿಗುಡ್ಡದ ಪಾಳೆಯಗಾರ ಮಲ್ಲರಸ ನಾಯಕನಿಗೆ ಬೇಟೆನಾಯಿಗಳ ಹುಚ್ಚು. ಹೆಂಡತಿಯ ಹೆಸರು ಒಮ್ಮೊಮ್ಮೆ ಮರೆತುಹೋಗುತ್ತಿತ್ತು, ನಾಯಿಗಳದ್ದು ಎಂದೂ ಇಲ್ಲ.

"ನನ್ನ ತಳಿ ಅಂದ್ರೆ ಏನಂದ್ಕೊಂಡ್ರಿ? ಮೈಮೇಲೆ ನೊಣ ಕೂತರೆ ಜಾರಿ ಬೀಳಬೇಕು, ಅಷ್ಟು ನುಣುಪು! ಗಂಡೂ ಹಾಗೇ, ಹೆಣ್ಣೂ ಹಾಗೇ," ಎಂದು ತುಂಬಿದ ಸಭೆಯಲ್ಲಿ ಕೊಚ್ಚಿಕೊಳ್ಳುತ್ತಿದ್ದ.

ಅಷ್ಟರಲ್ಲಿ ನಾಯಿ ನೋಡಿಕೊಳ್ಳುವ ಬೈರ, ಮಿಂಚು ಎಂಬ ಹೆಣ್ಣುನಾಯಿಯ ಮರಿಗಳನ್ನು ಬುಟ್ಟಿಯಲ್ಲಿ ಹೊತ್ತು ತಂದ. ನಾಲ್ಕು ಮರಿ ಎಣ್ಣೆ ಹಚ್ಚಿದಂತೆ ನುಣ್ಣಗಿದ್ದವು. ಇನ್ನೊಂದು ಮಾತ್ರ ಉಣ್ಣೆಯ ಉಂಡೆ. ಮುಂದೆ ಯಾವುದು, ಹಿಂದೆ ಯಾವುದು ತಿಳಿಯದೆ ಮಂತ್ರಿ ಅದರ ಬಾಲಕ್ಕೆ ಹಾಲು ಹಿಡಿದ.

"ಇದೆಲ್ಲಿಂದ ಬಂತೋ?" ನಾಯಕ ಗುಡುಗಿದ.

"ಮಿಂಚುದೇ ಬುದ್ಧಿ, ಕಣ್ಣಾರೆ ಕಂಡಿವ್ನಿ."

"ಸುಳ್ಳು! ಕುರಿಹಟ್ಟಿಯ ಜೂಲುನಾಯಿ ಗೋಡೆ ಹಾರಿ ಬಂದಿದೆ. ನೀನು ಗೊರಕೆ ಹೊಡೀತಿದ್ದೆ. ಹೆಂಡ್ತಿ ಮಕ್ಕಳನ್ನ ಕಟ್ಟಿಕೊಂಡು ಊರು ಬಿಡು!"

ಬೈರ ನಾಯಕನ ಕಾಲಿಗೆ ಬಿದ್ದ. ಅದನ್ನು ನೋಡಿ ಲಕುಮಯ್ಯನಿಗೆ ಅಯ್ಯೋ ಅನ್ನಿಸಿತು. ಸಭೆಯನ್ನು ನಗಿಸುವುದೇ ಲಕುಮಯ್ಯನ ಕೆಲಸ. ಆದರೆ ಬೈರ ನಿದ್ದೆಗೆಟ್ಟು ಮಿಂಚುವನ್ನು ಕಾದದ್ದು ಅವನಿಗೆ ಗೊತ್ತು. ಹಾಗೆಂದು ನೆಟ್ಟಗೆ ಹೇಳಿದರೆ ತಾನೂ ಗಂಟುಮೂಟೆ ಕಟ್ಟಬೇಕಾದೀತು. ಮೆಲ್ಲಗೆ ಎದ್ದು ಕೈಮುಗಿದ.

"ದೊರೆಗಳ ಮಾತು ದಿಟ. ಅಪ್ಪ ಅವ್ವನಲ್ಲಿ ಇಲ್ಲದ್ದು ಮರಿಯಲ್ಲಿ ಕಂಡರೆ ಅದು ಗೋಡೆ ಹಾರಿ ಬಂದದ್ದೇ. ಇದನ್ನೇ ಕಾನೂನು ಮಾಡಿಬಿಡಿ. ನಾಯಿಗೂ ಅದೇ, ಮನುಷ್ಯರಿಗೂ ಅದೇ."

"ಆಗಲಿ! ಡಂಗುರ ಹೊಡೆಸಿ!"

ಲಕುಮಯ್ಯ ಸಿಂಹಾಸನದ ಬಳಿ ಹೋಗಿ ನಾಯಕನ ಮುಖವನ್ನೇ ಬಗ್ಗಿ ಬಗ್ಗಿ ನೋಡತೊಡಗಿದ.

"ಏನೋ ಅದು?"

"ಕಣ್ಣು ದೊರೆ. ತಮ್ಮದು ಹಸಿರು, ಬೆಕ್ಕಿನ ಕಣ್ಣು. ತೀರಿಹೋದ ದೊಡ್ಡ ದೊರೆಗಳದ್ದು ಕಾಡಿಗೆಗಪ್ಪು, ತಾಯಿಯವರದ್ದೂ ಕಪ್ಪೇ. ಅದಕ್ಕೇ... ಅರಮನೆಯ ಗೋಡೆ ಎಷ್ಟು ಎತ್ತರ ಅಂತ ಯೋಚಿಸ್ತಿದ್ದೆ."

ಪರದೆಯ ಹಿಂದಿನಿಂದ ನಾಯಕನ ತಾಯಿಯ ದನಿ ಸಿಡಿಯಿತು: "ಯಾವನೋ ಅವನು? ನನ್ನ ಊರುಗೋಲು ಕೊಡ್ರೇ!"

"ಬಾಯ್ಮುಚ್ಚೋ ಲಕುಮಯ್ಯ!" ನಾಯಕ ಎದ್ದೇ ನಿಂತ. "ಇದು ನಮ್ಮಪ್ಪನ ಅಪ್ಪ, ನನ್ನ ಅಜ್ಜನ ಕಣ್ಣು!"

"ನನ್ನ ಅಜ್ಜಿಗೂ ಬೆಕ್ಕಿನ ಕಣ್ಣೇ ಇತ್ತು ಕಣೋ!" ಎಂದಿತು ಪರದೆ.

"ಹೌದೇ?" ಲಕುಮಯ್ಯ ಈಗಷ್ಟೇ ತಿಳಿದವನಂತೆ ಹುಬ್ಬೇರಿಸಿದ. "ಹಾಗಾದ್ರೆ ಆ ಹಸಿರು ದೊಡ್ಡ ದೊರೆಗಳ ಮೈಯಲ್ಲಿ ಸದ್ದಿಲ್ಲದೆ ಅಡಗಿತ್ತು, ತಾಯಿಯವರಲ್ಲೂ ಅಡಗಿತ್ತು. ಎರಡೂ ಕಡೆಯದು ಒಂದಾದಾಗ ತಮ್ಮಲ್ಲಿ ಹೊರಬಿತ್ತು. ನಾಯಿಗೇನು ಅಜ್ಜಿ ಇರಲ್ವೇ ದೊರೆ?"

ಬೈರನಿಗೆ ಜೀವ ಬಂತು. "ಐತೆ ಬುದ್ಧಿ! ನಿಮ್ಮ ಅಪ್ಪಾಜಿಯೋರ ಕಾಲದಾಗೆ ಒಂದು ಜೂಲಿನ ಹೆಣ್ಣುನಾಯಿ ಇತ್ತು. ಮಿಂಚುಗೂ ಅದೇ ಅಜ್ಜಿ, ಈ ಮರಿಗಳ ಅಪ್ಪನಿಗೂ ಅದೇ ಅಜ್ಜಿ!"

ನಾಯಕ ಒಮ್ಮೆ ಮರಿಯನ್ನು, ಒಮ್ಮೆ ಪರದೆಯನ್ನು ನೋಡಿದ. ಆಮೇಲೆ ಹೊಟ್ಟೆ ಹಿಡಿದು ನಕ್ಕ. ಡಂಗುರದವನನ್ನು ಅರ್ಧ ದಾರಿಯಿಂದ ವಾಪಸು ಕರೆಸಿದ, ಬೈರನಿಗೆ ಹೊಸ ಪಂಚೆ ಉಡಿಸಿದ, ಕೈಯ ಕಡಗ ಬಿಚ್ಚಿ ಲಕುಮಯ್ಯನಿಗೆ ತೊಡಿಸಿದ.

"ಎಲ್ಲ ಸರಿ ಲಕುಮಯ್ಯ. ನಿಮ್ಮಪ್ಪ ಇಡೀ ಊರಿಗೆ ಮೌನಿ. ನಿಮ್ಮವ್ವನೂ ಬಾಯಿ ಬಿಟ್ಟದ್ದನ್ನ ಕಂಡವರಿಲ್ಲ. ನಿನಗೆ ಈ ನಾಲಿಗೆ ಎಲ್ಲಿಂದ ಬಂತೋ?"

"ಅದೇ ದೊರೆ," ಎಂದ ಲಕುಮಯ್ಯ, "ಅವರಿಬ್ಬರೂ ಜೀವಮಾನವಿಡೀ ಒಳಗೇ ಅಡಗಿಸಿಟ್ಟುಕೊಂಡದ್ದು ನನ್ನಲ್ಲಿ ಒಟ್ಟಿಗೇ ಹೊರಬಿತ್ತು!"