ಅರ್ಧ ಗೂಡು

ಬಾವಿಯ ಪಕ್ಕದ ಜಾಲಿ ಮರದಲ್ಲಿ ಗೀಜಗನೊಬ್ಬ ಒಬ್ಬನೇ ಗೂಡು ನೇಯುತ್ತಿದ್ದ. ಗೂಡು ಅರ್ಧವಾದಾಗ ಹೆಣ್ಣನ್ನು ಕರೆದು ತೋರಿಸುವುದು, ಅವಳು ಒಪ್ಪಿದರಷ್ಟೇ ಮುಂದೆ ನೇಯುವುದು ಗೀಜಗಗಳ ಪದ್ಧತಿ. ಇವನಿಗೆ ಅದು ಅವಮಾನ ಅನ್ನಿಸಿತು. "ಅರೆಬರೆ ಕೆಲಸ ತೋರಿಸುವವನು ನಾನಲ್ಲ. ಪೂರ್ತಿಯಾಗಲಿ, ನೋಡಿದವರು ದಂಗಾಗಬೇಕು" ಎಂದ. ಬಾಗಿಲಿಗೆ ಉದ್ದನೆಯ ಕೊಳವೆ ಇಳಿಬಿಟ್ಟ. ಒಳಗೆ ಹಸಿಮಣ್ಣು ಮೆತ್ತಿ, ದೀಪಕ್ಕೆಂದು ಮಿಂಚುಹುಳ ಅಂಟಿಸಿದ. ಆಮೇಲೆ ರೆಕ್ಕೆ ಬಡಿದು ಕೂಗಿದ.

ಹೆಣ್ಣು ಗೀಜಗ ಬಂದಳು. ದೀಪದ ಕಡೆ ಕಣ್ಣೆತ್ತಿಯೂ ನೋಡಲಿಲ್ಲ. ಗೂಡು ತೂಗುತ್ತಿದ್ದ ಕೊಂಬೆಯ ಮೇಲೆ ಕೂತು ಕುಪ್ಪಳಿಸಿದಳು.

"ಗೂಡು ಚೆನ್ನಾಗಿದೆ. ಆದರೆ ಕೊಂಬೆ ತೀರಾ ದಪ್ಪವಾಯಿತು. ಹಾವು ಸಲೀಸಾಗಿ ಬರುತ್ತದೆ. ನನ್ನ ಮರಿಗಳಿಗೆ ದೀಪ ಬೇಡ, ನೀರಿನ ಮೇಲೆ ಬಾಗಿದ ತೆಳ್ಳನೆಯ ಕೊಂಬೆ ಬೇಕು."

"ಇದನ್ನು ಮೊದಲೇ ಹೇಳಬಾರದಿತ್ತೆ?"

"ಮೊದಲೇ ಕರೆದಿದ್ದಿರಾ?"

ಗೀಜಗನಿಗೆ ಸಿಟ್ಟು ಬಂತು. ಆಮೇಲೆ ತನ್ನ ಮೇಲೇ ನಗು ಬಂತು. ಮರುದಿನ ಬೆಳಿಗ್ಗೆ ಬಾವಿಯ ಮೇಲೆ ಬಾಗಿದ ತೆಳು ಕೊಂಬೆಗೆ ಒಂದೇ ಒಂದು ಹುಲ್ಲಿನೆಳೆ ಗಂಟು ಹಾಕಿ, ಮರಕ್ಕೆಲ್ಲ ಕೇಳುವಂತೆ ಕೂಗಿದ.

"ಇಲ್ಲಿ ಗೂಡೇ ಇಲ್ಲವಲ್ಲ!" ಎಂದಳು ಅವಳು.

"ಇಲ್ಲ, ಅದಕ್ಕೇ ಕರೆದೆ. ಗಂಟು ಇಲ್ಲೇ ಇರಲೋ, ಇನ್ನೂ ಆಚೆಗೋ?"

ಅವಳು ಕೊಂಬೆಯ ಮೇಲೆ ಕೂತು ತೂಗಿ ನೋಡಿ, "ಇನ್ನೊಂದು ಗೇಣು ಆಚೆಗೆ" ಎಂದಳು.

ಅವನು ಗಂಟು ಬಿಚ್ಚಿ ಆಚೆಗೆ ಹಾಕುವಷ್ಟರಲ್ಲಿ, ಅವಳು ಇನ್ನೂ ಇಲ್ಲದ ಗೂಡಿನೊಳಗೆ ಹಾಸಲು ಹತ್ತಿ ಹುಡುಕಿಕೊಂಡು ಹಾರಿಹೋಗಿದ್ದಳು.