ತೋಳನ ವಕೀಲ, ಕಾಡಿನ ನ್ಯಾಯಾಧೀಶ

ಹಳ್ಳದ ಆಚೆಗೊಂದು ಕಾಡು, ಈಚೆಗೊಂದು ಕಾಡು. ಈಚೆ ಕಾಡಿನ ಹೊಂಗೆ ಮರದ ಕೆಳಗೊಂದು ಬಂಡೆ. ವಾರಕ್ಕೆರಡು ದಿನ ಆ ಬಂಡೆಯ ಮೇಲೆ ಕೂತು ನ್ಯಾಯ ಹೇಳುತ್ತಿದ್ದವನು ತಿಪ್ಪಣ್ಣನೆಂಬ ಮೊಲ. ಉಳಿದ ದಿನ ಅವನು ಹಳ್ಳ ದಾಟಿ, ಆಚೆ ಕಾಡಿನ ನ್ಯಾಯಸ್ಥಾನದಲ್ಲಿ ವಕೀಲಿಕೆ ಮಾಡುತ್ತಿದ್ದ. ಮಾತಿನಲ್ಲಿ ಅವನನ್ನು ಮೀರಿಸುವವರಿರಲಿಲ್ಲ ಮಕ್ಕಳೇ. ಅದು ಅವನಿಗೂ ಗೊತ್ತಿತ್ತು.

ಒಮ್ಮೆ ಕೆಂಚನೆಂಬ ತೋಳ ಆಚೆ ಕಾಡಿನ ಗುಹೆಯೊಂದರ ತಕರಾರು ಹೊತ್ತು ಬಂದ. "ಆಚೆ ಕಾಡಿನಲ್ಲಿ ನನ್ನ ಪರ ವಾದಿಸಿ ಸ್ವಾಮಿ. ನನ್ನ ತಮ್ಮಂದಿರು ನಿಮ್ಮ ಬಿಲ ಕಾಯುತ್ತಾರೆ. ಒಂದು ನರಿಯೂ ನಿಮ್ಮ ಮಕ್ಕಳ ಹತ್ತಿರ ಸುಳಿಯದು."

ತೋಳಗಳ ಕಾವಲು! ತಿಪ್ಪಣ್ಣ ಹಿಗ್ಗಿ ಒಪ್ಪಿಕೊಂಡ.

"ಕೆಂಚ ಇರುವುದು ನಮ್ಮ ಕಾಡಿನಲ್ಲಿ. ನಾಳೆ ಅವನ ಮೇಲೇ ದೂರು ಬಂದರೆ?" ಎಂದು ಆಮೆ ಮಾವ ಕೇಳಿದ.

"ವಕೀಲಿಕೆ ಆಚೆ ದಡದಲ್ಲಿ, ನ್ಯಾಯ ಈಚೆ ದಡದಲ್ಲಿ. ನಡುವೆ ಹಳ್ಳ ಇದೆಯಲ್ಲ ಮಾವ!" ತಿಪ್ಪಣ್ಣ ನಕ್ಕುಬಿಟ್ಟ.

ಬೇಸಿಗೆ ಬಂತು. ಹಳ್ಳ ಬತ್ತಿ ಒಂದೇ ಒಂದು ಮಡುವಿನಲ್ಲಿ ನೀರು ಉಳಿಯಿತು. ಹೊನ್ನವ್ವನೆಂಬ ಜಿಂಕೆ ಎರಡು ಮರಿಗಳನ್ನು ಕಟ್ಟಿಕೊಂಡು ಬಂಡೆಯ ಮುಂದೆ ಬಂದಳು.

"ಕೆಂಚ ಮಡುವಿನ ದಾರಿಗೆ ಅಡ್ಡ ಕೂತಿದ್ದಾನೆ ಸ್ವಾಮಿ. ನನ್ನ ಮಕ್ಕಳು ನಿನ್ನೆಯಿಂದ ನೀರು ಕಂಡಿಲ್ಲ. ಅವನನ್ನು ಎಬ್ಬಿಸಿ."

ತಿಪ್ಪಣ್ಣ ಬಾಯಿ ತೆರೆಯುವಷ್ಟರಲ್ಲಿ ಕೆಂಚ ಬಂದು ಎದುರಿಗೇ ಕೂತ. "ಏನು ವಕೀಲರೇ, ಚೆನ್ನಾಗಿದ್ದೀರಾ? ಮಕ್ಕಳು ಕ್ಷೇಮವೇ? ನನ್ನ ತಮ್ಮಂದಿರು ಈಗಲೂ ನಿಮ್ಮ ಬಿಲದ ಬಾಗಿಲಲ್ಲೇ ಇದ್ದಾರೆ."

ಕಾವಲಿಗೆ ಕೂತ ಹಲ್ಲುಗಳು ಯಾವ ಕಡೆ ತಿರುಗಬಲ್ಲವು ಎಂಬುದು ತಿಪ್ಪಣ್ಣನಿಗೆ ಈಗ ಹೊಳೆಯಿತು. "ಈ ದೂರು... ನಾಡಿದ್ದು ನೋಡೋಣ" ಎಂದ.

ಎರಡು ದಿನ ಅವನು ಬಿಲದ ಹೊರಗೆ ತೋಳಗಳು ಆಕಳಿಸುವ ಸದ್ದಿಗೂ ಬೆಚ್ಚಿ ಮಕ್ಕಳನ್ನು ಅವುಚಿಕೊಳ್ಳುತ್ತಿದ್ದ.

ಮೂರನೆಯ ದಿನ ಹೊನ್ನವ್ವ ಬಂದಳು. ಜೊತೆಗೆ ಒಂದೇ ಮರಿ.

"ಚಿಕ್ಕವನೆಲ್ಲಿ?" ಎಂದು ತಿಪ್ಪಣ್ಣ ಕೇಳಿದ.

"ನೀವು ನಾಡಿದ್ದು ಅಂದಿರಿ. ಅವನಿಗೆ ಬಾಯಾರಿಕೆ ತಡೆಯಲಾಗಲಿಲ್ಲ. ನನಗೊಂದಿಷ್ಟು ಕಣ್ಣು ಹತ್ತಿದಾಗ ಮಡುವಿನ ಕಡೆ ಓಡಿಬಿಟ್ಟ."

ಅಂದೂ ಎದುರಿಗೇ ಕೂತಿದ್ದ ಕೆಂಚ ಬಾಯಿ ಒರೆಸಿಕೊಂಡ.

ತಿಪ್ಪಣ್ಣ ಬಂಡೆಯಿಂದ ಕೆಳಗಿಳಿದ. ಎಲ್ಲರಿಗೂ ಕೇಳುವಂತೆ ಹೇಳಿದ: "ನಾನು ಕೆಂಚನ ವಕೀಲ. ಅವನ ಮೇಲಿನ ದೂರಿಗೆ ನಾನು ಇಲ್ಲಿ ಕೂರಲೇಬಾರದಿತ್ತು. ಬೇರೆಯವರು ನ್ಯಾಯ ಹೇಳಲಿ."

"ಮೊನ್ನೆಯೇ ಈ ಮಾತು ಹೇಳಿದ್ದರೆ ನಾನು ಬಂದು ನಿಲ್ಲುತ್ತಿದ್ದೆನಲ್ಲಪ್ಪಾ" ಎಂದಳು ನೆರೆದವರಲ್ಲಿ ಹಿರಿಯಳಾದ ಆನೆಯಜ್ಜಿ. ಅಲ್ಲೇ ನಿಂತು ಹೊನ್ನವ್ವ, ಕೆಂಚ ಇಬ್ಬರ ಮಾತನ್ನೂ ಕೇಳಿ, ಕೆಂಚ ಕಾಡು ಬಿಡಬೇಕೆಂದು ತೀರ್ಪು ಕೊಟ್ಟಳು. ಹಿಂಡಿನೊಂದಿಗೆ ಬಿಲದ ಬಳಿಗೂ ಹೋಗಿ ಕಾವಲಿನ ತೋಳಗಳನ್ನು ಅಟ್ಟಿದಳು.

ಬಿಲದಿಂದ ತಿಪ್ಪಣ್ಣನ ನಾಲ್ಕೂ ಮಕ್ಕಳು ಓಡಿಬಂದು ಅವನನ್ನು ತಬ್ಬಿಕೊಂಡವು. ಹೊನ್ನವ್ವ ಅದನ್ನೇ ನೋಡುತ್ತ ನಿಂತಿದ್ದಳು.

ನೀತಿ: ಒಬ್ಬರ ಪರ ವಾದಿಸಲು ಒಪ್ಪಿಕೊಂಡವನು ಅವರ ನ್ಯಾಯ ತೀರ್ಮಾನಿಸಲು ಕೂರಬಾರದು, ಕೂತಿದ್ದರೆ ಮೊದಲ ದಿನವೇ ಎದ್ದುಬಿಡಬೇಕು.